ನಮ್ಮತ್ತೆ ಕತ್ತರಿಸಿದ ಹಗ್ಗಗಳು

ನಮ್ಮತ್ತೆಗೆ ಎತ್ತರ ಎಂದರೆ ಭಯ. ತಾರಸಿಗೆ ಹೋದರೆ ನಡುವಿನ ನೀರಿನ ಟ್ಯಾಂಕಿಗೆ ಒರಗಿ ನಿಲ್ಲುತ್ತಾರೆಯೇ ಹೊರತು ಅಂಚಿನ ಕಡೆ ಸುಳಿಯುವುದಿಲ್ಲ. ಬಲ್ಬು ಬದಲಾಯಿಸಲು ಕುರ್ಚಿ ಹತ್ತಬೇಕಾದರೆ ಮಾವನನ್ನು ಕೂಗುತ್ತಾರೆ. ಇಂಥವರು ಹನ್ನೊಂದು ವರ್ಷದಿಂದ, ಹದಿನೈದು ಮೀಟರ್ ಎತ್ತರದ ಗೋಡೆ ಹತ್ತುವವರ ಹಗ್ಗಗಳನ್ನು ತೊಳೆದು, ಒಣಗಿಸಿ, ಪರೀಕ್ಷಿಸಿ ಕೊಡುತ್ತಿದ್ದಾರೆ.

ಮೊದಲೇ ಹೇಳಿಬಿಡುತ್ತೇನೆ, ನಾನು ಅವರ ಸೊಸೆ. ಅತ್ತೆಯನ್ನು ಹೊಗಳಲು ಕೂತ ಸೊಸೆಯೇ ಎಂದು ಯಾರಾದರೂ ಹುಬ್ಬೇರಿಸಿದರೆ ಏರಿಸಿಕೊಳ್ಳಲಿ. ನಮ್ಮಿಬ್ಬರದು ಎಣ್ಣೆ ಸೀಗೆಕಾಯಿ ಸಂಬಂಧ. ಅವರು ಕೆಲಸ ಮಾಡುವುದು ಗೋಡೆ ಹತ್ತುವ ಆಟ ಕಲಿಸುವ ಶಾಲೆಯಲ್ಲಿ, ನಾನು ಕಲಿಸುವುದೂ ಅಲ್ಲೇ. ಅಲ್ಲೂ ಅವರು, ಮನೆಯಲ್ಲೂ ಅವರು. ಬೆಳಗ್ಗೆ ಸ್ನಾನದ ಮನೆಯಿಂದ ಹೊರಬರುವ ಹೊತ್ತಿಗೆ "ನಿನ್ನೆ ಮೂರನೇ ಹಗ್ಗ ನೆಲದ ಮೇಲೆ ಬಿಟ್ಟು ಬಂದಿದ್ದೆ" ಎಂದು ಶುರು ಮಾಡಿದರೆ ರಾತ್ರಿ ತಟ್ಟೆ ತೊಳೆಯುವವರೆಗೂ ಬಿಡುವುದಿಲ್ಲ. ಅವರ ಬಗ್ಗೆ ನನಗೆ ಇರುವ ಸಿಟ್ಟನ್ನು ತೂಗಿದರೆ ಗೌರವಕ್ಕಿಂತ ತುಸು ಹೆಚ್ಚೇ ತೂಗೀತು. ಆದರೂ ಈ ಕಥೆಯನ್ನು ನಾನೇ ಹೇಳಬೇಕು, ಏಕೆಂದರೆ ತಪ್ಪು ಮಾಡಿದವಳು ನಾನು.

ನಮ್ಮ ಶಾಲೆ ಮೊದಲು ಹತ್ತಿ ಮೂಟೆಗಳ ಗೋದಾಮಾಗಿತ್ತು. ಅದರ ಮೂರು ಗೋಡೆಗಳಿಗೆ ಹಲಗೆ ಹೊಡೆದು, ಕೈಕಾಲು ಇಡಲು ಬಣ್ಣಬಣ್ಣದ ಹಿಡಿಕೆಗಳನ್ನು ಬಿಗಿದಿದ್ದಾರೆ. ಮಾಡಿನ ಹತ್ತಿರ ದಪ್ಪ ಕಬ್ಬಿಣದ ಕೊಳವೆಗಳಿವೆ. ಅವುಗಳ ಮೇಲಿಂದ ಹಗ್ಗ ಎರಡೆಳೆಯಾಗಿ ಇಳಿಬಿದ್ದಿರುತ್ತದೆ. ಒಂದು ತುದಿ ಹತ್ತುವವರ ಸೊಂಟಪಟ್ಟಿಗೆ, ಇನ್ನೊಂದು ಕೆಳಗೆ ನಿಂತು ಕಾಯುವವರ ಕೈಗೆ. ಮೇಲೆ ಕೈ ಜಾರಿದರೆ ಬೀಳುವವರನ್ನು ಹಿಡಿಯಲು ಆ ಹಗ್ಗವೊಂದೇ ಇರುವುದು.

ಅತ್ತೆ ಇಲ್ಲಿಗೆ ಬಂದದ್ದು ಐವತ್ತೆರಡನೇ ವಯಸ್ಸಿಗೆ. ಅದಕ್ಕೂ ಮೊದಲು ಇಪ್ಪತ್ತೆರಡು ವರ್ಷ ಒಂದು ಆಸ್ಪತ್ರೆಯ ಲಾಂಡ್ರಿಯಲ್ಲಿ ಹಾಸಿಗೆ ಬಟ್ಟೆ ಒಗೆದವರು. ಯಂತ್ರಗಳು ಬಂದವು, ಇವರು ಮನೆಗೆ ಬಂದರು. ಎರಡೇ ತಿಂಗಳಲ್ಲಿ ಮಾವ, "ಇವಳಿಗೆ ಎಲ್ಲಾದ್ರೂ ಒಂದು ಕೆಲಸ ನೋಡಮ್ಮಾ, ತೊಳೆದ ಪಾತ್ರೇನೇ ಮತ್ತೆ ಮತ್ತೆ ತೊಳೀತಾಳೆ" ಎಂದು ನನ್ನ ಹತ್ತಿರ ಬಂದು ಗೋಗರೆದರು. ನೆಲ ಒರೆಸಲು ಆಳು ಬೇಕೆಂದು ಶಾಲೆ ನಡೆಸುವ ಯಜಮಾನರು ಹುಡುಕುತ್ತಿದ್ದರು. ಕರೆದುಕೊಂಡು ಹೋದೆ. ಮೊದಲ ದಿನವೇ ಅತ್ತೆ ಪೊರಕೆಯನ್ನು ಗೋಡೆಗೆ ಒರಗಿಸಿ, ಒಂದು ಹಗ್ಗವನ್ನು ಬೆರಳಲ್ಲಿ ಹಿಡಿದು, ಬೆರಳನ್ನು ನೋಡಿಕೊಂಡರು. ಮಸಿಯಂತೆ ಕಪ್ಪಾಗಿತ್ತು.

"ಇದನ್ನ ಯಾವಾಗ ಒಗೆದದ್ದು?"

"ಹಗ್ಗಾನ ಯಾರು ಒಗೀತಾರೆ ಅತ್ತೆ?"

"ಮೈಗೆ ಕಟ್ಕೊಳ್ಳೋದನ್ನ ಒಗೆಯಲ್ವಾ?"

ಅಲ್ಲಿಗೆ ಪೊರಕೆ ಬೇರೆಯವರ ಪಾಲಾಯಿತು. ಹೊಸ ಹಗ್ಗಗಳ ಜೊತೆ ಬರುವ ಸೂಚನೆಯ ಕಾಗದವನ್ನು ಅತ್ತೆ ಮನೆಗೆ ತಂದರು. ಅದು ಅವರಿಗೆ ತಿಳಿಯದ ಭಾಷೆಯಲ್ಲಿತ್ತು. ಬಸ್ ಓಡಿಸಿ ದಣಿದು ಬಂದ ಮಗನನ್ನು ಕೂರಿಸಿಕೊಂಡು ಸಾಲು ಸಾಲಿಗೂ ಅರ್ಥ ಹೇಳಿಸಿಕೊಂಡು, ನೋಟ್‌ಬುಕ್ಕಿನಲ್ಲಿ ಬರೆದುಕೊಂಡರು. ಒಂದು ವಾರದಲ್ಲಿ ಆ ಕಾಗದ ಬರೆದವರಿಗಿಂತ ಹೆಚ್ಚು ತಿಳಿದವರ ಹಾಗೆ ಮಾತಾಡತೊಡಗಿದರು.

ಅವರು ಹಗ್ಗ ತೊಳೆಯುವುದನ್ನು ನೋಡಬೇಕು. ನಲವತ್ತು ಮೀಟರ್ ಹಗ್ಗ ನೀರಿಗೆ ಬಿದ್ದರೆ ಸಿಕ್ಕಾಗುತ್ತದೆ, ಹಾಗಾಗಿ ಮೊದಲು ಅದಕ್ಕೆ ಕೈಯಲ್ಲೇ ಸಡಿಲವಾಗಿ ಜಡೆ ಹಾಕುತ್ತಾರೆ. ತೊಟ್ಟಿಯ ನೀರಿಗೆ ಮೊಣಕೈ ಅದ್ದಿ ನೋಡುತ್ತಾರೆ. ಮಗುವಿಗೆ ಎರೆಯುವಷ್ಟೂ ಬಿಸಿ ಇರಬಾರದು. ಸೋಪು ಮೆದುವಾದದ್ದು, ಅದೂ ಒಂದು ಮುಚ್ಚಳದಷ್ಟು. ಆಮೇಲೆ ಹತ್ತು ನಿಮಿಷ ಅಮುಕುವುದು, ಎತ್ತುವುದು, ಅಮುಕುವುದು. ಲೋಹದ ಕೊಂಡಿಗಳ ಪುಡಿ, ಜಾರದಿರಲೆಂದು ಕೈಗೆ ಹಚ್ಚುವ ಬಿಳಿ ಪುಡಿ, ನೂರಾರು ಜನರ ಬೆವರು, ಎಲ್ಲ ಬಿಟ್ಟು ನೀರು ಕಪ್ಪಾಗುತ್ತದೆ. ಮೂರು ನೀರು, ನಾಲ್ಕು ನೀರು, ಕೆಲವೊಮ್ಮೆ ಆರು. ಹಿಂಡುವಂತಿಲ್ಲ. ಬಿಸಿಲಿಗೆ ಹಾಕುವಂತಿಲ್ಲ. ಗಾಳಿಯಾಡುವ ನೆರಳಿನಲ್ಲಿ ಹಲಗೆಯ ಮೇಲೆ ಹರಡಿ ಎರಡು ಮೂರು ದಿನ ಬಿಡಬೇಕು.

ಒಣಗಿದ ಮೇಲೆ ನಿಜವಾದ ಕೆಲಸ. ಮಣೆಯ ಮೇಲೆ ಕೂತು, ಕಣ್ಣು ಮುಚ್ಚಿ, ಹಗ್ಗವನ್ನು ಈ ತುದಿಯಿಂದ ಆ ತುದಿಯವರೆಗೆ ಬೆರಳುಗಳ ನಡುವೆ ಹಾಯಿಸುತ್ತಾರೆ. ಹೊರಗಿನ ಹೊದಿಕೆ ಎಷ್ಟೇ ಚೆನ್ನಾಗಿ ಕಾಣಲಿ, ಒಳಗಿನ ತಿರುಳು ಒಂದು ಕಡೆ ಮೆತ್ತಗಾಗಿದ್ದರೆ ಬೆರಳು ಅಲ್ಲೇ ನಿಲ್ಲುತ್ತದೆ. ನಿಂತಿತೋ, ಆ ಹಗ್ಗದ ಕಥೆ ಮುಗಿಯಿತು. ಸುಮ್ಮನೆ ಮೂಲೆಗೆ ಎಸೆದರೆ ಯಾರೋ ಎತ್ತಿಕೊಂಡು ಹೋಗಿ ಬಳಸಿಬಿಡುತ್ತಾರೆಂದು ಮಾರುದ್ದದ ತುಂಡುಗಳಾಗಿ ಕತ್ತರಿಸಿ ಹಾಕುತ್ತಾರೆ. ಕೇಳುವುದು ಗೀಳುವುದು ಇಲ್ಲ. ಒಮ್ಮೆ ಯಜಮಾನರೇ ಮಾತಾಡುತ್ತಾ ಹಗ್ಗ ತುಳಿದುಕೊಂಡು ನಿಂತಿದ್ದರು. ಅವರು ಹಿಂದೆ ಭಾರಿ ಬಂಡೆಗಳನ್ನೆಲ್ಲ ಹತ್ತಿ, ಮಂಡಿ ಮುರಿದುಕೊಂಡು, ಈಗ ಕೋಲು ಹಿಡಿದು ನಡೆಯುವವರು. ಅತ್ತೆ ಮುಖವೆತ್ತದೆ "ಕಾಲು ತೆಗೀರಿ" ಎಂದರು. ಯಜಮಾನರು ಎರಡು ಹೆಜ್ಜೆ ಹಿಂದೆ ಸರಿದು "ಕ್ಷಮಿಸಿ" ಎಂದರು. ಅಂದಿನಿಂದ ಶಾಲೆಯಲ್ಲಿ ಎಲ್ಲರ ಬಾಯಲ್ಲೂ ಅವರು ಹಗ್ಗದಮ್ಮ.

ಪ್ರತಿ ಹಗ್ಗಕ್ಕೂ ಒಂದು ಕಾರ್ಡು ಇದೆ. ಯಾವಾಗ ಬಂತು, ಎಷ್ಟು ದಿನ ದುಡಿಯಿತು, ಯಾವಾಗ ತೊಳೆದದ್ದು, ನೋಡಿದವರು ಯಾರು, ಸಹಿ. ಇದು ಎಲ್ಲ ಕಡೆಯೂ ಇರುವಂಥದ್ದೇ. ನಮ್ಮತ್ತೆ ತಾವಾಗಿ ಒಂದು ಅಂಕಣ ಸೇರಿಸಿದ್ದರು: "ಎಲ್ಲಿತ್ತು?" ಹಗ್ಗ ಗೋಡೆಯಲ್ಲಿ ಇಲ್ಲದ ದಿನಗಳಲ್ಲಿ ಯಾವ ಜಾಗದಲ್ಲಿತ್ತು ಎಂದು ಅಲ್ಲಿ ಬರೆಯಬೇಕು. ನಾವೆಲ್ಲ ಅದನ್ನು ಕಂಡು ನಗುತ್ತಿದ್ದೆವು. ಹಗ್ಗವೇನು ಊರು ಸುತ್ತಲು ಹೋಗುತ್ತದೆಯೇ?

ಹೋದ ವರ್ಷ ಹೊಸ ಮ್ಯಾನೇಜರ್ ಬಂದ. ಅವನಿಗೆ ಎಲ್ಲವೂ ಹೊಳೆಯಬೇಕು. ನೆಲ ಹೊಳೆಯಬೇಕು, ಹಿಡಿಕೆ ಹೊಳೆಯಬೇಕು, ಬಂದವರ ಫೋಟೋದಲ್ಲಿ ಹಗ್ಗವೂ ಹೊಳೆಯಬೇಕು. ಅತ್ತೆ ಅವನಿಗೆ 'ಹೊಳಪು' ಎಂದೇ ಹೆಸರಿಟ್ಟರು. ಒಂದು ದಿನ ಅವನು ಬಟ್ಟೆ ಬೆಳ್ಳಗೆ ಮಾಡುವ ದ್ರಾವಣದ ದೊಡ್ಡ ಬಾಟಲಿ ತಂದು ಹಗ್ಗದ ಕೋಣೆಯಲ್ಲಿಟ್ಟ. "ಅಮ್ಮಾ, ಇದನ್ನ ಎರಡು ಮುಚ್ಚಳ ಹಾಕಿ, ಹಗ್ಗ ಫಳಫಳ ಅನ್ನುತ್ತೆ" ಎಂದ. ಸಂಜೆ ನೋಡಿದರೆ ಶೌಚಾಲಯ ಫಳಫಳ ಎನ್ನುತ್ತಿತ್ತು. ಬಾಟಲಿ ಖಾಲಿ. "ಎಲ್ಲಿ ಹಾಕಬೇಕೋ ಅಲ್ಲಿ ಹಾಕಿದೀನಿ" ಎಂದರು ಅತ್ತೆ. ಅವತ್ತಿನಿಂದ ಅವನು ಅವರ ಮೇಲೆ ಹಲ್ಲು ಮಸೆಯತೊಡಗಿದ.

ಇನ್ನು ನನ್ನ ತಪ್ಪಿನ ವಿಷಯ. ಅತ್ತೆಗೆ ಎರಡೂ ಕಣ್ಣಿಗೆ ಪೊರೆ ಬಂದಿತ್ತು. ಒಂದಾದ ಮೇಲೆ ಒಂದರಂತೆ ಆಪರೇಷನ್ ಆಗಿ ಆರು ವಾರ ರಜೆ. ರಜೆಗೆ ಮೊದಲು ಸವೆದ ಒಂಬತ್ತು ಹಗ್ಗಗಳನ್ನು ಕತ್ತರಿಸಿ, ಅವುಗಳ ಜಾಗಕ್ಕೆ ಒಂಬತ್ತು ಹೊಸ ಹಗ್ಗ ತರಿಸಿ, ಪೊಟ್ಟಣ ಬಿಚ್ಚಿ, ಒಂದು ನೀರು ತೊಳೆದು ಒಣಗಿಸಿ, "ನಾನು ಬರೋವರೆಗೂ ಇವನ್ನ ನೀನು ನೋಡ್ಕೊ" ಎಂದು ನನ್ನ ಕೈಗೆ ಒಪ್ಪಿಸಿ ಹೋದರು. ಹಳೆಯ ನಾಲ್ಕು ಹಗ್ಗಗಳಲ್ಲಿ ದಿನದ ಅಭ್ಯಾಸ ನಡೆಯುತ್ತಿತ್ತು. ಹೊಸವು, ಶಾಲೆಗಳ ನಡುವೆ ನಡೆಯಬೇಕಿದ್ದ ಮಕ್ಕಳ ಸ್ಪರ್ಧೆಗೆಂದು ಕಾದಿದ್ದವು.

ಅಷ್ಟರಲ್ಲಿ ಹೊಳಪು ಹಗ್ಗದ ಕೋಣೆಗೆ ಬಣ್ಣ ಹೊಡೆಸಲು ಹೊರಟ. ಬಣ್ಣದ ಹಬೆ, ತಾರ್ಪಿನ್ ಎಣ್ಣೆಯ ವಾಸನೆ ಹಗ್ಗಕ್ಕೆ ಆಗಬಾರದು. ಇದು ಅತ್ತೆಯ ನೋಟ್‌ಬುಕ್ಕಿನ ಮೊದಲ ಪುಟದಲ್ಲೇ ಇದೆ. ನಾನು ಬುದ್ಧಿವಂತೆ ಅಲ್ಲವೇ, ಒಂಬತ್ತೂ ಹಗ್ಗಗಳನ್ನು ಹೊತ್ತುಕೊಂಡು ಬೇರೆ ಜಾಗ ಹುಡುಕಿದೆ. ಬಿಸಿಲು ಬೀಳಬಾರದು, ತೇವ ಇರಬಾರದು, ಸೆಕೆ ಇರಬಾರದು. ಮೂರೂ ಕೂಡಿಬಂದ ಕೋಣೆ ಇಡೀ ಕಟ್ಟಡದಲ್ಲಿ ಒಂದೇ: ಹಿಂಬದಿಯ ಬ್ಯಾಟರಿ ಕೋಣೆ. ಕರೆಂಟ್ ಹೋದಾಗ ದೀಪ ಉರಿಸಲು ಹನ್ನೆರಡು ದೊಡ್ಡ ಬ್ಯಾಟರಿಗಳನ್ನು ಅಲ್ಲಿ ಸಾಲಾಗಿ ಇಟ್ಟಿದ್ದಾರೆ. ಅವುಗಳ ಮೇಲಿನ ಮರದ ಅಟ್ಟಣೆಯಲ್ಲಿ ಹಗ್ಗಗಳನ್ನು ಅಚ್ಚುಕಟ್ಟಾಗಿ ಸುತ್ತಿಟ್ಟು, ಬಾಗಿಲು ಹಾಕಿ, ಕೈ ಕೊಡವಿಕೊಂಡು ಬಂದೆ. ಐದು ವಾರ ಅಲ್ಲೇ ಇದ್ದವು. ಆಮೇಲೆ ಹೊರತಂದು, ಒಂದೊಂದನ್ನೂ ಅತ್ತೆ ಮಾಡುವಂತೆಯೇ ಬೆರಳಲ್ಲಿ ಹಾಯಿಸಿ, ಎಲ್ಲೂ ಏನೂ ಸಿಗದೆ, ಕಾರ್ಡುಗಳಿಗೆ ಸಹಿ ಮಾಡಿದೆ. "ಎಲ್ಲಿತ್ತು?" ಅಂಕಣದಲ್ಲಿ "ಒಳಗಿನ ಕೋಣೆ" ಎಂದು ಗೀಚಿದೆ.

ಅತ್ತೆ ಕೆಲಸಕ್ಕೆ ಮರಳಿದ್ದು ಶುಕ್ರವಾರ. ಭಾನುವಾರ ಸ್ಪರ್ಧೆ. ಅಂದೇ ನನ್ನನ್ನು ಮುಖ್ಯ ತರಬೇತುದಾರಳೆಂದು ಎಲ್ಲರ ಮುಂದೆ ಹೇಳುವುದೂ ಇತ್ತು. ಹೊಸ ಕಣ್ಣಿನಿಂದ ಅತ್ತೆ ಮೊದಲು ಓದಿದ್ದು ನನ್ನ ಅಕ್ಷರ.

"ಒಳಗಿನ ಕೋಣೆ ಅಂದ್ರೆ ಯಾವುದು?"

"ಬ್ಯಾಟರಿ ಕೋಣೆ ಅತ್ತೆ. ಬಣ್ಣ ಹೊಡೀತಿದ್ರಲ್ಲ."

ಅತ್ತೆ ಕಾರ್ಡನ್ನು ಕೆಳಗಿಟ್ಟರು. ಒಂದು ಹಗ್ಗವನ್ನು ಎತ್ತಿಕೊಂಡು ಪೂರ್ತಿ ಬೆರಳಲ್ಲಿ ಹಾಯಿಸಿದರು. ಇಪ್ಪತ್ತು ನಿಮಿಷ ಹಿಡಿಯಿತು. ನಾನು ಪಕ್ಕದಲ್ಲೇ ನಿಂತಿದ್ದೆ.

"ಏನಾದ್ರೂ ಸಿಕ್ತಾ?" ಎಂದೆ.

"ಇಲ್ಲ."

"ನೋಡಿದ್ರಾ ಮತ್ತೆ."

"ಆಸ್ಪತ್ರೇಲಿ ಬ್ಯಾಟರಿಗೆ ನೀರು ಹಾಕೋನು ಒಬ್ಬ ಇದ್ದ" ಎಂದು ಅತ್ತೆ ಶುರು ಮಾಡಿದರು. "ಅವನ ಪ್ಯಾಂಟು ಒಗೆಯೋಕೆ ಬರೋದು. ಬಂದಾಗ ಒಂದು ತೂತೂ ಇರ್ತಿರಲಿಲ್ಲ, ನೆಟ್ಟಗಿರೋದು. ನೀರಿಗೆ ಹಾಕಿ ತೆಗೆದ್ರೆ ಜರಡಿ. ನಾನೇ ಹರಿದೆ ಅಂತ ನನ್ನ ಜೊತೆ ಜಗಳಕ್ಕೆ ಬರ್ತಿದ್ದ. ಆ ಆಸಿಡ್ ಹಬೆ ಕಣ್ಣಿಗೆ ಕಾಣಲ್ಲ, ಬೆರಳಿಗೂ ಸಿಗಲ್ಲ. ಹಗ್ಗಕ್ಕೆ ಅದು ವಿಷ ಅಂತ ಆ ಕಾಗದದಲ್ಲೂ ಬರೆದಿತ್ತು. ನಿನ್ನ ಗಂಡ ಓದಿ ಹೇಳಿದ್ದ."

"ಅದು ಬಟ್ಟೆ ಅತ್ತೆ. ಇಲ್ಲಿ ಬ್ಯಾಟರಿಗೆ ಮುಚ್ಚಳ ಇದೆ. ಐದೇ ವಾರ. ನಿಮ್ಮ ಬೆರಳೇ ಚೆನ್ನಾಗಿದೆ ಅಂತಿದೆಯಲ್ಲ?"

"ನನ್ನ ಬೆರಳಿಗೆ ಗೊತ್ತಾಗದ್ದೂ ಇರುತ್ತೆ."

ಹನ್ನೊಂದು ವರ್ಷ ಆ ಬೆರಳನ್ನು ನಂಬಿ ಇಡೀ ಶಾಲೆ ಗೋಡೆ ಹತ್ತಿದೆ. ನನಗೆ ಬೇಕಾದಾಗ ಮಾತ್ರ ಆ ಬೆರಳು ಕೈಕೊಟ್ಟಿತೆಂದು ನನಗೆ ಮೈಯೆಲ್ಲ ಉರಿಯಿತು. "ನನ್ನ ಸಹಿಗೆ ಬೆಲೆ ಇಲ್ವಾ ಹಾಗಾದ್ರೆ? ನನಗೆ ಒಂದು ಒಳ್ಳೇದಾಗೋದು ನಿಮಗೆ ಸಹಿಸೋಕಾಗಲ್ಲ ಅಂತ ನೇರವಾಗಿ ಹೇಳಿ" ಎಂದು ಅನ್ನಬಾರದ್ದನ್ನೂ ಅಂದೆ. ನಾನು ಬಾಗಿಲು ಬಡಿದುಕೊಂಡು ತರಗತಿಗೆ ಹೋದೆ.

ಮಧ್ಯಾಹ್ನ ಅವರು ಮನೆಗೆ ಹೋಗಿ ಮಾವನ ಕತ್ತರಿ ತಂದರು. ಮಾವ ನಲವತ್ತು ವರ್ಷ ಕೋಟು ಹೊಲಿದ ದರ್ಜಿ. ಆ ಕತ್ತರಿಯನ್ನು ಮೊಮ್ಮಕ್ಕಳಿಗೂ ಮುಟ್ಟಲು ಬಿಟ್ಟವರಲ್ಲ. ಶಾಲೆಯ ಚಾಕು ಯಾವಾಗಲೂ ಮ್ಯಾನೇಜರ್ ಮೇಜಿನಲ್ಲಿರುತ್ತಿತ್ತು, ಅದನ್ನು ಕೇಳಿದರೆ ಯಾಕೆ ಎಂದು ಕೇಳುತ್ತಾನೆ. ಅತ್ತೆ ಹಗ್ಗದ ಕೋಣೆಯ ಚಿಲಕ ಹಾಕಿಕೊಂಡು, ಒಂದೊಂದು ಹಗ್ಗವನ್ನೂ ಮಾರು ಮಾರಿಗೆ ಕತ್ತರಿಸುತ್ತಾ ಹೋದರು. ಒಂದಕ್ಕೆ ಇಪ್ಪತ್ತಕ್ಕೂ ಹೆಚ್ಚು ತುಂಡು. ಐದು ಗಂಟೆಗೆ ನಾನು ಬಾಗಿಲು ತಟ್ಟಿದಾಗ ಚಿಲಕ ತೆಗೆದರು. ನೆಲದ ಮೇಲೆ ಕೆಂಪು ನೀಲಿ ತುಂಡುಗಳ ರಾಶಿ. ಅವರ ಹೆಬ್ಬೆರಳಿನ ಬುಡದಲ್ಲಿ ಗುಳ್ಳೆ ಎದ್ದು ಒಡೆದಿತ್ತು.

"ಎಂಟಾಯ್ತು" ಎಂದರು. "ಒಂಬತ್ತನೇದು ಎಲ್ಲಿ?"

ಒಂಬತ್ತನೆಯದನ್ನು ಹೊಳಪು ಫೋಟೋ ತೆಗೆಸಲು ತನ್ನ ಕೋಣೆಗೆ ಒಯ್ದಿದ್ದ. ಅದರಿಂದ ಅದು ಉಳಿದುಕೊಂಡಿತು.

ನಾನು ಅಳಲಿಲ್ಲ ಎಂದು ಹೇಳಿದರೆ ಸುಳ್ಳಾದೀತು. ನನ್ನ ಸಹಿ ಇದ್ದ ಎಂಟು ಹಗ್ಗಗಳನ್ನು ಕತ್ತರಿಸಿ ಊರ ಮುಂದೆ ನನ್ನ ಮೂಗನ್ನೇ ಕತ್ತರಿಸಿದ್ದರು. ಶನಿವಾರ ಸ್ಪರ್ಧೆ ರದ್ದಾಯಿತೆಂದು ಎಲ್ಲ ಶಾಲೆಗಳಿಗೂ ಫೋನು ಹೋಯಿತು. ಹೊಳಪು ಕಿರುಚಾಡಿದ. ಅತ್ತೆಯನ್ನು ಕೆಲಸದಿಂದ ತೆಗೆಯಲೇಬೇಕೆಂದು ಯಜಮಾನರಿಗೆ ಬರೆದುಕೊಟ್ಟ. "ಕಣ್ಣು ಆಪರೇಷನ್ ಆಗಿದೆ, ತಲೆಯೂ ಸರಿ ಇಲ್ಲ" ಎಂದು ಬರೆದಿದ್ದ. ಹಗ್ಗಗಳು ಎಲ್ಲಿದ್ದವು, ಯಾರು ಇಟ್ಟರು ಎಂದು ಅತ್ತೆ ಯಾರ ಹತ್ತಿರವೂ ಬಾಯಿ ಬಿಡಲಿಲ್ಲ. "ನನಗೆ ಸರಿಕಾಣಲಿಲ್ಲ, ಕತ್ತರಿಸಿದೆ", ಅಷ್ಟೇ ಅವರ ಮಾತು. ಕಾರ್ಡುಗಳನ್ನು ಕೂಡ ತಮ್ಮ ಚೀಲದಲ್ಲಿ ಹಾಕಿಕೊಂಡು ಬಂದಿದ್ದರು.

ಮನೆಯಲ್ಲಿ ಎರಡು ದಿನ ನಾವಿಬ್ಬರೂ ಮಾತಾಡಲಿಲ್ಲ. ಮಾವ ಮಾತ್ರ ಕತ್ತರಿಯನ್ನು ಬೆಳಕಿಗೆ ಹಿಡಿದು, ಅಲಗಿನ ಮೇಲೆ ಬೆರಳಾಡಿಸಿ, "ಕೆಲಸ ಹೋದ್ರೆ ಹೋಗ್ಲಿ. ಇದನ್ನ ಸಾಣೆ ಹಿಡಿಯೋರು ಯಾರು?" ಎಂದು ಗೊಣಗುತ್ತಿದ್ದರು. ನನ್ನ ಗಂಡ ಇಬ್ಬರ ಮುಖವನ್ನೂ ನೋಡಿ, ಬಿಸಿತುಪ್ಪ ಬಾಯಲ್ಲಿಟ್ಟುಕೊಂಡವನಂತೆ ಬಸ್ಸಿನ ಕೆಲಸಕ್ಕೆ ಹೊರಟುಬಿಡುತ್ತಿದ್ದ. ಭಾನುವಾರ ಸಂಜೆ ಅವನೊಬ್ಬನೇ ಸಿಕ್ಕಾಗ, "ಅಮ್ಮ ಯಾಕೆ ನನ್ನ ಹೆಸರು ಹೇಳ್ತಿಲ್ಲ?" ಎಂದು ಕೇಳಿದೆ. "ಕೇಳಿದ್ರೆ ಬೈತಾಳೆ, ನೀನೇ ಕೇಳು" ಎಂದ. ನಾನು ಕೇಳಲಿಲ್ಲ. ಹೆಸರು ಹೇಳಿದರೆ ನನ್ನ ಬಡ್ತಿ ಹೋಗುತ್ತದೆ, ಹೇಳದಿದ್ದರೆ ಅವರ ಕೆಲಸ ಹೋಗುತ್ತದೆ. ಇದು ಅವರಿಗೂ ಗೊತ್ತಿತ್ತು, ನನಗೂ ಗೊತ್ತಿತ್ತು.

ಸೋಮವಾರ ಬೆಳಗ್ಗೆ ಯಜಮಾನರು ಬಂದರು. ಕೋಲನ್ನು ಕಾಲುಗಳ ನಡುವೆ ಇಟ್ಟುಕೊಂಡು ಬೆಂಚಿನ ಮೇಲೆ ಕೂತು, "ಯಾಕಮ್ಮಾ ಕತ್ತರಿಸಿದ್ರಿ?" ಎಂದು ಅತ್ತೆಯನ್ನು ಕೇಳಿದರು.

"ಸರಿಕಾಣಲಿಲ್ಲ ಸರ್."

"ಏನು ಸರಿಯಿರಲಿಲ್ಲ? ಬೆರಳಿಗೆ ಏನು ಸಿಕ್ತು?"

"ಏನೂ ಸಿಗಲಿಲ್ಲ."

ಹೊಳಪು ನಕ್ಕ. ತನ್ನ ಕೋಣೆಯಿಂದ ಒಂಬತ್ತನೆಯ ಹಗ್ಗ ತಂದ. "ಸರ್, ನಿಮ್ಮ ಮುಂದೇನೇ ಪರೀಕ್ಷೆ ಆಗಿಬಿಡ್ಲಿ" ಎಂದು ಹಗ್ಗವನ್ನು ಕೊಳವೆಯ ಮೇಲೆ ಹಾಯಿಸಿ, ಅಭ್ಯಾಸಕ್ಕೆ ಇಟ್ಟಿದ್ದ ಎಂಬತ್ತು ಕಿಲೋದ ಮರಳು ಚೀಲವನ್ನು ಕಟ್ಟಿದ. ಮೇಲಕ್ಕೆ ಎಳೆಸಿ, ಬಿಡಿಸಿದ. ಚೀಲ ಬಿತ್ತು, ಹಗ್ಗ ಹಿಗ್ಗಿತು, ತಡೆಯಿತು. ಮತ್ತೊಮ್ಮೆ, ತಡೆಯಿತು. ಮೂರನೆಯ ಸಲವೂ ತಡೆಯಿತು. ಹೊಳಪು ಕೈತಟ್ಟಿ ಅತ್ತೆಯ ಕಡೆ ತಿರುಗಿದ.

"ಈಗೇನಂತೀರಿ ಅಮ್ಮಾ?"

"ತಡೀತು. ಸಂತೋಷ. ಕತ್ತರಿಸಿ."

"ತಡೆದ ಮೇಲೂ?"

"ಇವತ್ತು ತಡೀತು. ಮುಂದಿನ ತಿಂಗಳು ತಡೀತೀಯಾ ಅಂತ ಅದನ್ನೇ ಕೇಳಿ. ಮರಳು ಚೀಲಕ್ಕೆ ಅಪ್ಪ ಅಮ್ಮ ಇಲ್ಲ, ಹತ್ತು ಸಲ ಬೀಳಿಸಿ ಬೇಕಾದ್ರೆ."

ಯಜಮಾನರು ನನ್ನ ಕಡೆ ನೋಡಿದರು. "ಈ ಹಗ್ಗ ಪರೀಕ್ಷೆ ಮಾಡಿ ಒಪ್ಪಿದ್ದು ನೀನಂತೆ. ನೀನು ಹತ್ತುತ್ತೀಯಾ ಇದರಲ್ಲಿ?"

"ಹತ್ತುತ್ತೀನಿ" ಎಂದೆ. ಬಾಯಿಂದ ಜಾರಿದ ಮಾತಲ್ಲ, ಹಟದಿಂದಲೇ ಹೇಳಿದ್ದು. ಸೊಂಟಪಟ್ಟಿ ಹಾಕಿಕೊಂಡೆ. ಹಗ್ಗದ ತುದಿಯನ್ನು ತೆಗೆದುಕೊಂಡು ಗಂಟು ಹಾಕತೊಡಗಿದೆ. ಈ ಗಂಟನ್ನು ನಾನು ನಿದ್ದೆಯಲ್ಲೂ ಹಾಕಬಲ್ಲೆ. ಹಾಕುತ್ತಲೇ ಓರೆಗಣ್ಣಿನಲ್ಲಿ ಅತ್ತೆಯನ್ನು ನೋಡಿದೆ. ಬೇಡ ಎನ್ನುತ್ತಾರೆ, ಬಂದು ಕೈ ಹಿಡಿಯುತ್ತಾರೆ ಎಂದುಕೊಂಡಿದ್ದೆ. ಅವರು ಬರಲಿಲ್ಲ. ಗೋಡೆಗೆ ಬೆನ್ನು ಕೊಟ್ಟು, ಎರಡು ಕೈಯನ್ನೂ ಏಪ್ರನ್ನಿನ ಜೇಬಿನಲ್ಲಿ ತುರುಕಿಕೊಂಡು ನಿಂತಿದ್ದರು. ಒಂದು ಮಾತು ಹೇಳಿದ್ದರೆ ಸಾಕಿತ್ತು, ಬ್ಯಾಟರಿ ಕೋಣೆ ಎಂಬ ಎರಡು ಪದ. ಹೇಳಿದರೆ ನನ್ನ ಕೆಲಸಕ್ಕೆ ಕುತ್ತು ಎಂದು ಆಗಲೂ ತುಟಿ ಕಚ್ಚಿಕೊಂಡಿದ್ದರು.

ಗಂಟು ಬಿಗಿದೆ. ಬಿಗಿದವಳೇ ನಿಂತುಬಿಟ್ಟೆ. ನಾನು ಹತ್ತಬಲ್ಲೆ, ಇಳಿಯಲೂ ಬಲ್ಲೆ, ಬಹುಶಃ ಏನೂ ಆಗುತ್ತಿರಲಿಲ್ಲ. ನನ್ನ ಮೊಂಡುತನಕ್ಕೆ ನನ್ನ ಮೂಳೆ ಮುರಿದರೆ ಅದು ನನ್ನ ಹಣೆಬರಹ. ಆದರೆ ಈ ಹಗ್ಗದ ತುದಿಯನ್ನು ನಾನು ಯಾರದೋ ಎಂಟು ವರ್ಷದ ಮಗಳ ಸೊಂಟಕ್ಕೆ ಕಟ್ಟಿ, "ಹೆದರಬೇಡ, ಹಗ್ಗ ಇದೆ" ಎಂದು ಹೇಳಬಲ್ಲೆನೇ? ಬೆಂಚಿನ ಮೇಲೆ ಅವಳ ಅಮ್ಮ ಕೂತಿರುವಾಗ ಹೇಳಬಲ್ಲೆನೇ? ಹೇಳಲಾರೆ ಎಂದು ನನಗೆ ಶುಕ್ರವಾರವೇ ಗೊತ್ತಿತ್ತು. ಗೊತ್ತಿದ್ದೂ ಬಾಗಿಲು ಬಡಿದುಕೊಂಡು ಹೋಗಿದ್ದೆ. ನನಗೆ ನನ್ನ ಮೇಲೇ ಅಸಹ್ಯವಾಯಿತು.

ಗಂಟು ಬಿಚ್ಚಿದೆ.

"ಹತ್ತಲ್ಲ ಸರ್. ಈ ಒಂಬತ್ತೂ ಹಗ್ಗ ಐದು ವಾರ ಬ್ಯಾಟರಿಗಳ ಮೇಲಿದ್ವು. ಅಲ್ಲಿ ಇಟ್ಟಿದ್ದು ನಾನು. ಅತ್ತೆ ಅಲ್ಲ, ಮ್ಯಾನೇಜರ್ ಅಲ್ಲ, ನಾನು. ಕಾರ್ಡಿನಲ್ಲಿ ಸರಿಯಾಗಿ ಬರೆಯದೆ ಮುಚ್ಚಿಟ್ಟೋಳೂ ನಾನೇ."

"ನಿನ್ನನ್ನ ಯಾರು ಕೇಳಿದ್ರು?" ಎಂದು ಅತ್ತೆ ಗದರಿದರು.

"ನೀವು ಸುಮ್ಮನಿರಿ ಅತ್ತೆ. ಕತ್ತರಿ ಕೊಡಿ."

ಅವರು ಕೊಡಲಿಲ್ಲ. ಒಂಬತ್ತನೆಯದಕ್ಕೆಂದು ಅವರು ಕತ್ತರಿ ಹಾಕಿಕೊಂಡು ಬಂದಿದ್ದ ಚೀಲ ಅಲ್ಲೇ ಬೆಂಚಿನ ಪಕ್ಕದಲ್ಲಿತ್ತು, ನಾನೇ ತೆಗೆದೆ. ಹೊಳಪು "ಏಯ್, ಏಯ್" ಎನ್ನುತ್ತಾ ಹತ್ತಿರ ಬಂದ. ಯಜಮಾನರು ಕೋಲನ್ನು ಅವನ ದಾರಿಗೆ ಅಡ್ಡ ಹಿಡಿದರು. ಬೇಕೆಂದು ಹಿಡಿದರೋ, ಏಳಲು ಹೋದಾಗ ಹಾಗಾಯಿತೋ, ಇವತ್ತಿಗೂ ಹೇಳಲಾರೆ. ಕತ್ತರಿ ಮೊಂಡಾಗಿತ್ತು, ಒಂದು ಕಡೆ ಕತ್ತರಿಸುವಷ್ಟರಲ್ಲಿ ಕೈ ನೋಯತೊಡಗಿತು. ಇಂಥ ನೂರಾರು ಕಡೆ ಅವರೊಬ್ಬರೇ ಕತ್ತರಿಸಿದ್ದರಲ್ಲ ಎಂದು ಆಗ ತಿಳಿಯಿತು.

"ಇಬ್ಬರೂ ಮನೆಗೆ ಹೋಗಿ" ಎಂದರು ಯಜಮಾನರು. "ಯೋಚನೆ ಮಾಡಿ ಹೇಳಿ ಕಳಿಸ್ತೀನಿ."

"ಹೇಳಿ ಕಳಿಸೋದು ಬೇಡ" ಎಂದರು ಅತ್ತೆ. "ನಾಳೆ ಎಂಟಕ್ಕೆ ನಾನೇ ಬರ್ತೀನಿ. ಹಳೇ ನಾಲ್ಕು ಹಗ್ಗ ತೊಳೆಯೋದಿದೆ."

ಮರುದಿನ ಎಂಟಕ್ಕೆ ಇಬ್ಬರೂ ಹೋದೆವು. ಹಗ್ಗದ ಕೋಣೆಗೆ ಅಂಗೈಯಗಲದ ಹೊಸ ಬೀಗ ಬಿದ್ದಿತ್ತು. ಹೊಳಪಿನ ಕೆಲಸ. ನಾನು ಜಗಳಕ್ಕೆ ಹೊರಟೆ. ಅತ್ತೆ ನನ್ನ ತೋಳು ಹಿಡಿದು ನಿಲ್ಲಿಸಿ, ಗೋಡೆಯಿಂದ ನಾಲ್ಕೂ ಹಗ್ಗಗಳನ್ನು ಇಳಿಸಿದರು. ನೆಲ ಒರೆಸುವವಳ ಹತ್ತಿರ ಎರಡು ಬಕೆಟ್ ಕೇಳಿ ತಂದರು. ಮುಂಬಾಗಿಲಿನ ಪಕ್ಕದ ನಲ್ಲಿಯ ಬಳಿ, ಬಂದು ಹೋಗುವವರೆಲ್ಲ ನೋಡುವ ಜಾಗದಲ್ಲಿ, ಕುಕ್ಕರಗಾಲಲ್ಲಿ ಕೂತು ಜಡೆ ಹಾಕತೊಡಗಿದರು. ನಾನೂ ಎದುರು ಕೂತು ಒಂದಕ್ಕೆ ಜಡೆ ಹಾಕಿದೆ. "ಬಿಗಿಯಾಯ್ತು, ಬಿಚ್ಚು" ಎಂದರು. ಶುಕ್ರವಾರದ ನಂತರ ಮನೆಯ ಮಾತಿನಂತೆ ಆಡಿದ ಮೊದಲ ಮಾತು ಅದು. ಬಿಚ್ಚಿ ಮತ್ತೆ ಹಾಕಿದೆ.

ಅಭ್ಯಾಸಕ್ಕೆ ಬಂದವರು ಒಳಗೆ ಹೋಗದೆ ಸುತ್ತ ನಿಂತರು. ಹೊಳಪು ಎರಡು ಸಲ ಬಂದು ಇದು ತೊಳೆಯುವ ಜಾಗವಲ್ಲ ಎಂದ. "ಜಾಗಕ್ಕೆ ಬೀಗ ಹಾಕಿದೀಯಲ್ಲಪ್ಪ" ಎಂದು ಅತ್ತೆ ತಲೆಯೆತ್ತದೆ ಉತ್ತರ ಕೊಟ್ಟರು. ನಿಂತವರು ನಕ್ಕರು, ಅವನು ಒಳಗೆ ಹೋದ.

ಹತ್ತು ಗಂಟೆಗೆ ಯಜಮಾನರು ಬಂದರು. ಬಕೆಟ್ಟಿನ ಕಪ್ಪು ನೀರು ನೋಡಿದರು, ಬೀಗ ನೋಡಿದರು, ಒಳಗೆ ಹೋಗಿ ಕೀಲಿ ತಂದರು. ಕೊಡುವ ಮೊದಲು, "ಒಂದು ಕಾಗದ ಬರೆದುಕೊಡಿ ಅಮ್ಮಾ" ಎಂದರು. "ಇನ್ನು ಮೇಲೆ ನನ್ನನ್ನ ಕೇಳದೆ ಹಗ್ಗ ಕತ್ತರಿಸಲ್ಲ ಅಂತ. ಅಷ್ಟು ಸಾಕು, ಈ ವಿಷಯ ಇಲ್ಲಿಗೆ ಮುಗಿಸ್ತೀನಿ."

"ಬರೆಯಲ್ಲ."

"ಕೇಳೋದರಲ್ಲಿ ಏನು ಕಷ್ಟ?"

ಅತ್ತೆ ಕೈ ಒರೆಸಿಕೊಂಡು ಎದ್ದು ನಿಂತರು. ಅವರು ಯಜಮಾನರ ಭುಜಕ್ಕೂ ಬರುವುದಿಲ್ಲ. "ನಿಮ್ಮನ್ನ ಕೇಳಿದ್ರೆ ನೀವು ಮರಳು ಚೀಲ ಕಟ್ಟಿಸ್ತೀರ. ತಡೀತಲ್ಲ ಅಂತೀರ. ಸ್ಪರ್ಧೆ ಮುಗೀಲಿ, ಆಮೇಲೆ ನೋಡೋಣ ಅಂತೀರ. ಅಷ್ಟರೊಳಗೆ ಯಾರ ಮಗುವೋ ಅದರಲ್ಲಿ ಹತ್ತಿರುತ್ತೆ. ನನ್ನನ್ನ ತೆಗೀಬೇಕಾ, ಈಗಲೇ ತೆಗೀರಿ, ಅದು ನಿಮ್ಮಿಷ್ಟ. ಇಲ್ಲಿರೋವರೆಗೂ ಅನುಮಾನ ಬಂದ್ರೆ ಕತ್ತರಿಸ್ತೀನಿ. ಯಾರನ್ನೂ ಕೇಳಲ್ಲ."

ಯಜಮಾನರು ಕೀಲಿಯನ್ನು ಅತ್ತೆಯ ಒದ್ದೆ ಅಂಗೈಯಲ್ಲಿಟ್ಟು, ಕೋಲೂರಿಕೊಂಡು ಒಳಗೆ ಹೋದರು.

ನನಗೆ ಬಡ್ತಿ ಬರಲಿಲ್ಲ. ಆ ಜಾಗಕ್ಕೆ ನನಗಿಂತ ಆರು ವರ್ಷ ಚಿಕ್ಕವಳೊಬ್ಬಳು ಬಂದಳು. ಹೊಟ್ಟೆ ಉರಿಯುವುದಿಲ್ಲ ಎಂದು ಸುಳ್ಳು ಹೇಳುವುದಿಲ್ಲ, ಉರಿಯುತ್ತದೆ. ಹಗ್ಗಗಳು ನಿಜಕ್ಕೂ ಕೆಟ್ಟಿದ್ದವೇ ಎಂಬುದು ಗೊತ್ತಾಗಲಿಲ್ಲ, ಇನ್ನು ಗೊತ್ತಾಗುವುದೂ ಇಲ್ಲ. ಮೊನ್ನೆ ಆ ಹೊಸಬಳು ಹಗ್ಗದ ಕೋಣೆಗೆ ಬಂದು, ಅತ್ತೆಯನ್ನು ಕುತೂಹಲದಿಂದ ಕೇಳಿದಳು, "ಹಗ್ಗದಮ್ಮಾ, ಕೊನೆಗೂ ನಿಮ್ಮ ಮಾತೇ ಸರಿ ಅಂತ ಸಾಬೀತಾಯ್ತಾ?"

"ಇಲ್ಲ" ಎಂದರು ಅತ್ತೆ, ಕಣ್ಣು ಮುಚ್ಚಿ ಹಗ್ಗ ಹಾಯಿಸುತ್ತಲೇ. "ಆ ಒಂಬತ್ತು ಹಗ್ಗದಿಂದ ಒಬ್ಬರೂ ಬಿದ್ದಿಲ್ಲ. ನಿನಗೆ ಇನ್ನೇನು ಬೇಕು?"